ಬ್ಯಾಗ್ ಕಾಯೋಕೆ ಭೂತಾನ್‌ವರೆಗೆ ಹೋಗ್ಬೇಕಾ?

ಪ್ರವಾಸ ಅಂದ್ರೆ ಮನೆಮಂದಿಗೆಲ್ಲ ಖುಷಿ. ಆದರೆ ಅಲ್ಲೂ ಅಮ್ಮನಿಗೆ ಮಾತ್ರ ಡ್ಯೂಟಿ ತಪ್ಪೋದಿಲ್ಲ! ಬೆಟ್ಟವೋ ಜಲಪಾತವೋ ಬಂದ ಕೂಡಲೇ ಯಜಮಾನರು, ಮಕ್ಕಳು ಶೂ ಕಟ್ಟಿ ರೆಡಿ. ‘ನೀನು ಇಲ್ಲೇ ಕೂತಿರು, ಬ್ಯಾಗ್ ನೋಡ್ಕೋ’ ಅಂತ ಒಂದು ಮಾತು. ನಾವೂ ಅಷ್ಟೇ, ‘ಅಯ್ಯೋ, ನನ್ನ ಕೈಲಿ ಆಗಲ್ಲಪ್ಪ, ನೀವು ಹೋಗ್ಬನ್ನಿ’ ಎಂದು ಕಲ್ಲುಬೆಂಚಿನ ಮೇಲೆ ಕೂತುಬಿಡುತ್ತೇವೆ. ಆಗಲ್ಲ ಅನ್ನೋದು ನಿಜವಾ, ಅಭ್ಯಾಸವಾ? ಒಮ್ಮೆ ಯೋಚಿಸಿ.

ಈಗ ನಮ್ಮವರು ಭೂತಾನ್ ಕಡೆ ಹೊರಡೋದು ಹೆಚ್ಚು. ಭಾರತೀಯರಿಗೆ ವೀಸಾ ಬೇಡ, ಪರ್ಮಿಟ್ ಸಾಕು. ಅಲ್ಲಿನ ಹಣದ ಬೆಲೆಯೂ ನಮ್ಮ ರೂಪಾಯಿಗೆ ಸಮ. ಆದರೆ ದೊಡ್ಡವರೊಬ್ಬರಿಗೆ ಒಂದು ರಾತ್ರಿಗೆ 1,200 ರೂಪಾಯಿಯಂತೆ ಸರ್ಕಾರಕ್ಕೆ ಶುಲ್ಕ ಕಟ್ಟಬೇಕು. ಐದು ರಾತ್ರಿಗೆ ನಿಮ್ಮೊಬ್ಬರದೇ ಆರು ಸಾವಿರ! ಕಾಡು, ನದಿ ಕೆಡದಂತೆ ನೋಡಿಕೊಳ್ಳೋಕೂ ಆ ಹಣ ಬಳಕೆಯಾಗುತ್ತದೆ. ದೇಶದ ಶೇ 60ರಷ್ಟು ನೆಲ ಎಂದೆಂದಿಗೂ ಕಾಡಾಗಿಯೇ ಇರಬೇಕು ಅಂತ 2008ರ ಅವರ ಸಂವಿಧಾನದಲ್ಲೇ ಬರೆದಿದ್ದಾರೆ. ಅಂಥ ಕಾಡನ್ನು ಕಾರಿನ ಕಿಟಕಿಯಿಂದಲೇ ನೋಡಿ ಬಂದರೆ ಆ ದುಡ್ಡಿಗೆ ಏನು ಬಂತು?

ಎಲ್ಲರೂ ಹೋಗುವ ಜಾಗ ಪಾರೋ ಊರಿನ ಹತ್ತಿರದ ತಾಕ್ತ್‌ಸಾಂಗ್ ಮಠ. ಕಡಿದಾದ ಬಂಡೆಗೆ ಅಂಟಿಸಿಟ್ಟ ಹಾಗೆ ಕಾಣುವ ಈ ಮಠ ಕಟ್ಟಿದ್ದು 1692ರಲ್ಲಿ. 1998ರಲ್ಲಿ ಬೆಂಕಿ ಬಿದ್ದು, ಮತ್ತೆ ಕಟ್ಟಿದರು. ಗುರು ಪದ್ಮಸಂಭವರು ಹೆಣ್ಣುಹುಲಿಯ ಬೆನ್ನೇರಿ ಇಲ್ಲಿಗೆ ಹಾರಿ ಬಂದರಂತೆ. ಅವರ ಶಿಷ್ಯೆ ಯೇಶೆ ಸೋಗ್ಯಾಲ್‌ಳೇ ಆ ಹುಲಿಯಾದಳು ಅನ್ನುವ ಕಥೆಯೂ ಉಂಟು. ಹೆಣ್ಣೊಬ್ಬಳು ಗುರುವನ್ನೇ ಹೊತ್ತು ತಂದ ಜಾಗವನ್ನು ನಾವು ಕೆಳಗೆ ನಿಂತು ಕೈಮುಗಿದು ಬರೋದು ಯಾವ ನ್ಯಾಯ ಹೇಳಿ?

ಹಾಗಂತ ಸುಲಭ ಅಂತಲ್ಲ. ಮಠ ಇರೋದು ಸುಮಾರು 3,120 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಮೂರು ಪಟ್ಟಿಗಿಂತ ಹೆಚ್ಚು. ಹತ್ತಿ ಇಳಿಯೋಕೆ ಐದಾರು ಗಂಟೆ ಹಿಡಿಯುತ್ತೆ ಅಂದುಕೊಳ್ಳಿ. ಅರ್ಧ ದಾರಿಯಲ್ಲಿ ಟೀ ಕುಡಿಯೋಕೆ ಕೆಫೆಟೇರಿಯಾ ಇದೆ, ಶೌಚಾಲಯವೂ ಇದೆ. ಇದನ್ನು ಯಾಕೆ ಹೇಳಿದೆ ಅಂದರೆ, ಟಾಯ್ಲೆಟ್ ಸಿಗುತ್ತೋ ಇಲ್ಲವೋ ಅನ್ನೋ ಭಯಕ್ಕೆ ನಮ್ಮ ಹೆಣ್ಮಕ್ಕಳು ನೀರೇ ಕುಡಿಯಲ್ಲ. ಎತ್ತರದ ಜಾಗದಲ್ಲಿ ಈ ತಪ್ಪು ಮಾಡಲೇಬೇಡಿ. ನೀರು ಕಮ್ಮಿಯಾದರೆ ತಲೆನೋವು, ಸುಸ್ತು ಗ್ಯಾರಂಟಿ.

ತಯಾರಿ ಇಷ್ಟು ಸಾಕು. ಹೊರಡುವ ಎರಡು ತಿಂಗಳ ಮುಂಚಿನಿಂದ ದಿನಾ ಮುಕ್ಕಾಲು ಗಂಟೆ ನಡೆಯಿರಿ, ಅಪಾರ್ಟ್‌ಮೆಂಟ್ ಲಿಫ್ಟ್ ಮರೆತುಬಿಡಿ. ಮೈಸೂರಿನವರಾದರೆ ಚಾಮುಂಡಿ ಬೆಟ್ಟದ ಮೆಟ್ಟಿಲು ಇದ್ದೇ ಇದೆ! ಹೊಸ ಶೂ ಕೊಂಡು ಅಲ್ಲಿಗೇ ಹೋಗಿ ಹಾಕಿಕೊಂಡರೆ ಕಾಲು ಬೊಬ್ಬೆ ಬರುತ್ತೆ, ಮೊದಲೇ ಹಾಕಿ ಪಳಗಿಸಿ. ಬಿಪಿ, ಉಬ್ಬಸ, ಹೃದಯದ ತೊಂದರೆ, ಮಂಡಿನೋವು ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಿ. ಬಂದಿಳಿದ ಮರುದಿನವೇ ಬೆಟ್ಟ ಹತ್ತಬೇಡಿ, ಅದನ್ನು ಕೊನೆಯ ದಿನಗಳಿಗೆ ಇಡಲು ಟೂರ್‌ನವರಿಗೆ ಹೇಳಿ. ಅಷ್ಟರಲ್ಲಿ ಮೈ ಎತ್ತರಕ್ಕೆ ಒಗ್ಗಿರುತ್ತೆ. ಮಠದೊಳಗೆ ಹೋಗಲು ತುಂಬುತೋಳಿನ ಚೂಡಿದಾರ್ ಅನುಕೂಲ. ಒಳಗೆ ಮೊಬೈಲು, ಕ್ಯಾಮೆರಾ ಬಿಡೋದಿಲ್ಲ. ಇನ್ನು ಬ್ಯಾಗ್ ಚಿಂತೆ? ದೊಡ್ಡದು ಹೋಟೆಲಿನಲ್ಲೇ ಇರಲಿ, ಅವರವರ ನೀರು ಅವರವರ ಹೆಗಲಿಗೆ!

ತುದಿ ಮುಟ್ಟಲೇಬೇಕು ಅಂತ ಹಟವೂ ಬೇಡ. ಭೂತಾನ್‌ನವರನ್ನೇ ನೋಡಿ. ಅವರ ಗಂಗ್‌ಖರ್ ಪ್ಯುಯೆನ್ಸುಮ್ ಶಿಖರ 7,570 ಮೀಟರ್ ಎತ್ತರ, ಅದರ ತುದಿಯನ್ನು ಇವತ್ತಿಗೂ ಯಾರೂ ಮೆಟ್ಟಿಲ್ಲ. ಎತ್ತರದ ಶಿಖರಗಳು ದೇವತೆಗಳ ಜಾಗ ಅನ್ನೋದು ಜನರ ನಂಬಿಕೆ. 2003ರಿಂದ ಪರ್ವತಾರೋಹಣಕ್ಕೇ ನಿಷೇಧ. ನೀವು ಕೆಫೆಟೇರಿಯಾವರೆಗೆ ನಡೆದು, ಎದುರಿಗೆ ಮಠ ನೋಡುತ್ತಾ ಬಿಸಿ ಟೀ ಕುಡಿದು ವಾಪಸ್ ಬಂದರೂ ಅದು ನಿಮ್ಮ ಕಾಲಲ್ಲಿ ನೀವೇ ಸಂಪಾದಿಸಿದ ನೋಟ.

ಬೆಟ್ಟ ಆಗಲೇ ಆಗದು ಅನ್ನುವವರಿಗೆ ಫೋಬ್ಜಿಕಾ ಕಣಿವೆ ಇದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಟಿಬೆಟ್‌ ಕಡೆಯಿಂದ ಕಪ್ಪು ಕತ್ತಿನ ಕೊಕ್ಕರೆಗಳು ಚಳಿಗಾಲ ಕಳೆಯಲು ಅಲ್ಲಿಗೆ ಬರುತ್ತವೆ. ಅವು ತಂತಿಗೆ ತಗುಲಬಾರದು ಅಂತ ಊರಿನವರು ಕರೆಂಟ್ ಲೈನನ್ನೇ ನೆಲದಡಿ ಹಾಕಿಸಿಕೊಂಡಿದ್ದಾರೆ! ಅಲ್ಲಿನ ಕಾಲುದಾರಿಯಲ್ಲಿ ಹೆಚ್ಚಿನದು ಇಳಿಜಾರು, ಸಮತಟ್ಟು. ಚಳಿ ಮಾತ್ರ ಜೋರು, ಸ್ವೆಟರ್ ಮರೀಬೇಡಿ. ಮಳೆಗಾಲದಲ್ಲಿ ಎಲ್ಲ ದಾರಿಯೂ ಜಾರುತ್ತೆ, ಅಕ್ಟೋಬರ್-ನವೆಂಬರ್ ಅಥವಾ ಮಾರ್ಚ್-ಏಪ್ರಿಲ್ ಒಳ್ಳೇದು.

ಬಟ್ಟೆ ಜೋಡಿಸೋದು, ಮಾತ್ರೆ, ಚಟ್ನಿಪುಡಿ, ಎಲ್ಲರ ಗುರುತಿನ ಚೀಟಿ ನೆನಪಿಡೋದು, ಇಷ್ಟೆಲ್ಲ ಮಾಡೋರು ನೀವು. ನೋಡೋದು ಮಾತ್ರ ಬೇರೆಯವರಾ? ಟೂರ್ ಬುಕ್ ಮಾಡುವ ದಿನವೇ ಮನೆಯಲ್ಲಿ ಹೇಳಿಬಿಡಿ, ‘ನಾನೂ ಹತ್ತುತ್ತೀನಿ. ನನ್ನ ಜತೆ ನಿಧಾನಕ್ಕೆ ನಡೆಯೋಕೆ ಕಲಿಯಿರಿ’ ಅಂತ. ಮರುದಿನ ಬೆಳಗ್ಗೆಯಿಂದಲೇ ವಾಕಿಂಗ್ ಶುರುವಾಗಲಿ.