ಗಾಯರಾಣ ಖಾಲಿ ಜಾಗ ಅಲ್ಲ

ತಿಕೋಟಾ, ಬಬಲೇಶ್ವರ ಕಡೆ ಸುದ್ದಿಗೆ ಓಡಾಡುವಾಗ ಗಾಯರಾಣ ಕಂಡರೆ ನಾವೂ ‘ಖಾಲಿ ಬಿದ್ದ ಜಾಗ’ ಎಂದೇ ಬರೆದವರು. ಅದು ತಪ್ಪು. ಬಯಲನ್ನು ಖಾಲಿ ಎಂದುಕೊಂಡೇ ನಾವು ಎರೆಭೂತವನ್ನು ಕಳೆದುಕೊಳ್ಳುತ್ತಿದ್ದೇವೆ.

ಎರೆ ಸೀಮೆಯ ಈ ದೊಡ್ಡ ಹಕ್ಕಿಯ ಗಂಡು 15 ಕಿಲೋವರೆಗೆ ತೂಗುತ್ತದೆ. ಮರದಲ್ಲಿ ಗೂಡು ಕಟ್ಟುವುದಿಲ್ಲ. ಬಯಲು ನೆಲದಲ್ಲೇ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಹಾರುವಾಗ ಎದುರಿನ ಕರೆಂಟಿನ ತಂತಿ ಸರಿಯಾಗಿ ಕಾಣದೆ ಬಡಿದು ಸಾಯುತ್ತದೆ. ಬೇಟೆ, ಉಳುಮೆ, ತಂತಿ ಮೂರೂ ಸೇರಿ ಇದನ್ನು ಅಳಿವಿನ ಅಂಚಿಗೆ ತಂದಿವೆ. 2011ರಿಂದ ಜಾಗತಿಕ ಕೆಂಪು ಪಟ್ಟಿಯಲ್ಲಿ ಅತಿ ಗಂಭೀರ ಅಪಾಯದಲ್ಲಿರುವ ಹಕ್ಕಿ ಇದು. ಉಳಿದಿರುವುದು ಸುಮಾರು 150, ಹೆಚ್ಚಿನವು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಬಳ್ಳಾರಿಯ ಸಿರುಗುಪ್ಪದ ಬಯಲಲ್ಲಿ ಬೆರಳೆಣಿಕೆಯಷ್ಟು. ನಮ್ಮ ಪಕ್ಕದ ಸೊಲ್ಲಾಪುರದ ನಾನ್ನಜದಲ್ಲಿ 1979ರಿಂದ ಇದಕ್ಕೆಂದೇ ಅಭಯಾರಣ್ಯ ಇದೆ. ಅಲ್ಲೂ ಹಕ್ಕಿ ಕಾಣುವುದು ಅಪರೂಪ.

ವಿಜಯಪುರದವರಿಗೆ ಇದರಿಂದ ಏನು ಎನ್ನಬೇಡಿ. ನಮ್ಮ ಕುರಿ ಮೇಯುವುದು ಗಾಯರಾಣದಲ್ಲೇ, ತೋಳ, ನರಿ, ಗೌಜಲಕ್ಕಿ ಬದುಕುವುದೂ ಅಲ್ಲೇ. ಅಲ್ಲಿ ಕಂಬ ನೆಡುವ, ಸಸಿ ಹಚ್ಚುವ ಮಾತು ಗ್ರಾಮಸಭೆಗೆ ಬಂದಾಗ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ಈ ಜಾಗದಲ್ಲಿ ಈಗ ಯಾರು ಬದುಕಿದ್ದಾರೆ? ಉತ್ತರ ಸಿಗುವವರೆಗೆ ಸಹಿ ಬೇಡ.