ಕೋಶಕ್ಕೂ ಕಾಲೂರಲು ನೆಲ ಬೇಕು

ಕಪ್ಪೆಯ ಭ್ರೂಣದಿಂದ ತೆಗೆದ ಜೀವಕೋಶಗಳನ್ನು ಅಮೆರಿಕದ ರಾಸ್ ಹ್ಯಾರಿಸನ್ ಜೇಡರ ಬಲೆಯ ಮೇಲೆ ಬೆಳೆಸಿ ನೋಡಿದ್ದರು. 1914ರಲ್ಲಿ ಅವರು ಪ್ರಕಟಿಸಿದ ಪ್ರಯೋಗವದು. ಹಾಗಲ ಬಳ್ಳಿಯ ಕುಡಿ ದಾರ ಹಿಡಿದು ಚಪ್ಪರ ಏರುವ ಹಾಗೆ, ಕೋಶಗಳು ಬಲೆಯ ಎಳೆಯನ್ನು ಹಿಡಿದು ಅದರ ಉದ್ದಕ್ಕೂ ಚಾಚಿಕೊಂಡಿದ್ದವು. ಹೊಟ್ಟೆಗೆ ಇದ್ದರಷ್ಟೇ ಕೋಶಕ್ಕೆ ಸಾಲದು, ಕಾಲೂರಲು ನೆಲವೂ ಬೇಕು ಎಂಬುದು ಅಷ್ಟು ಹಿಂದೆಯೇ ಕಂಡಿತ್ತು. ಆ ನೆಲವನ್ನು ಬೇಕಾದ ಆಕಾರಕ್ಕೆ ಬರೆದುಕೊಡುವ ಕೈಚಳಕ ಬರಲು ಮಾತ್ರ ಮುಕ್ಕಾಲು ಶತಮಾನ ಹಿಡಿಯಿತು.

ಹಾರ್ವರ್ಡ್‌ನ ಜಾರ್ಜ್ ವೈಟ್‌ಸೈಡ್ಸ್ ಬಳಗ ಕಂಡುಕೊಂಡ ದಾರಿ ಕಚೇರಿಯಲ್ಲಿ ಸೀಲು ಒತ್ತುವಂಥದ್ದೇ. ನವಿರಾಗಿ ಕೊರೆದ ಅಚ್ಚಿನ ಮೇಲೆ ಪಿಡಿಎಂಎಸ್ ಎಂಬ ಸಿಲಿಕೋನ್ ಪಾಲಿಮರ್ ಹುಯ್ದು, ಗಟ್ಟಿಯಾದ ಮೇಲೆ ಸುಲಿದರೆ ರಬ್ಬರಿನಂಥ ಮುದ್ರೆ ಸಿದ್ಧ. ಅದಕ್ಕೆ ರಾಸಾಯನಿಕದ ಶಾಯಿ ಸವರಿ, ಚಿನ್ನದ ತೆಳುಲೇಪವಿರುವ ಗಾಜಿನ ಮೇಲೆ ಒತ್ತುತ್ತಾರೆ. ಮುದ್ರೆ ತಾಗಿದಲ್ಲಿ ಪ್ರೋಟೀನು ಅಂಟುತ್ತದೆ, ಪ್ರೋಟೀನು ಅಂಟಿದಲ್ಲಿ ಕೋಶ ಕೂರುತ್ತದೆ. ಉಳಿದ ಜಾಗಕ್ಕೆಲ್ಲ ಪ್ರೋಟೀನನ್ನು ಹತ್ತಿರ ಸೇರಿಸದ ಹೊದಿಕೆ.

1997ರಲ್ಲಿ ಕ್ರಿಸ್ಟೋಫರ್ ಚೆನ್, ಡೊನಾಲ್ಡ್ ಇಂಗ್‌ಬರ್ ಮತ್ತು ಸಂಗಡಿಗರು ಲೋಮನಾಳದ ಒಳಗೋಡೆಯ ಕೋಶಗಳನ್ನು ಇಂಥ ಪುಟ್ಟ ದ್ವೀಪಗಳ ಮೇಲೆ ಕೂರಿಸಿದರು. ಎಲ್ಲಕ್ಕೂ ಒಂದೇ ಆಹಾರ. ಅಗಲವಾದ ದ್ವೀಪದಲ್ಲಿ ಮೈಚಾಚಿದವು ಬೆಳೆದವು. ಇಕ್ಕಟ್ಟಿನಲ್ಲಿ ದುಂಡಗೆ ಮುದುಡಿದವು ಸತ್ತವು. ಆದರೆ ಸಣ್ಣ ದ್ವೀಪದಲ್ಲಿ ಹಿಡಿತಕ್ಕೆ ಸಿಗುವ ಪ್ರೋಟೀನೂ ಕಡಿಮೆಯೇ ತಾನೆ, ಸತ್ತದ್ದು ಅದರಿಂದಲೇ ಏಕಾಗಿರಬಾರದು? ಈ ಅನುಮಾನವನ್ನು ಅವರು ಬಗೆಹರಿಸಿದ ರೀತಿ ನನಗೆ ಬಲು ಇಷ್ಟ. ಅಷ್ಟೇ ಪ್ರೋಟೀನನ್ನು ರಂಗೋಲಿಯ ಚುಕ್ಕಿಗಳಂತೆ ದೂರದೂರ ಇಟ್ಟರು. ಕೋಶ ಚುಕ್ಕಿಯಿಂದ ಚುಕ್ಕಿಗೆ ಮೈ ಎಳೆದುಕೊಂಡು ಹರಡಿತು, ಬದುಕಿತು. ಹಿಡಿತ ಎಷ್ಟು ಸಿಕ್ಕಿತೆನ್ನುವುದಕ್ಕಿಂತ ಎಷ್ಟು ಚಾಚಲು ಬಿಟ್ಟರೆಂಬುದೇ ಸಾವು ಬದುಕನ್ನು ತೀರ್ಮಾನಿಸಿತ್ತು.

2004ರಲ್ಲಿ ಚೆನ್ ಅವರ ಪ್ರಯೋಗಾಲಯ ಮನುಷ್ಯನ ಕಾಂಡಕೋಶಗಳಲ್ಲಿ ಇದನ್ನೇ ಮುಂದುವರಿಸಿತು. ಬದಿಗೆ ಸುಮಾರು 30 ಮೈಕ್ರೋಮೀಟರಿನ ಚೌಕದಲ್ಲಿ ಕೂತವು ಕೊಬ್ಬಿನ ಕೋಶಗಳಾಗುವತ್ತ, 100 ಮೈಕ್ರೋಮೀಟರಿನ ಚೌಕದಲ್ಲಿ ಹರಡಿದವು ಮೂಳೆಯ ಕೋಶಗಳಾಗುವತ್ತ ಹೊರಳಿದವು.

ಇದೆಲ್ಲ ಗಾಜಿನ ಮೇಲಿನ ಮಾತು. ದೇಹದೊಳಗೆ ಯಾವ ಪಾಲಿಮರ್ ಇಟ್ಟರೂ ರಕ್ತದ ಪ್ರೋಟೀನುಗಳು ಕ್ಷಣದಲ್ಲಿ ಮುತ್ತಿಕೊಂಡು ನಾವು ಬರೆದ ಚಿತ್ತಾರವನ್ನು ಮುಚ್ಚಿಬಿಡಬಹುದು. ಆದರೂ ನರದ ವಿಷಯದಲ್ಲಿ ನನಗೆ ದೊಡ್ಡ ಆಸೆಯಿದೆ. ತುಂಡಾದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ನಡುವಿನ ಅಂತರ ಹೆಚ್ಚಾದರೆ ದಾರಿ ತಪ್ಪಿ ಗಂಟು ಕಟ್ಟಿಕೊಳ್ಳುತ್ತದೆ. ಅದಕ್ಕಾಗಿ ವೈದ್ಯರು ರೋಗಿಯ ಕಾಲಿನಿಂದಲೇ ಇನ್ನೊಂದು ನರ ಕತ್ತರಿಸಿ ತಂದು ನರ ತುಂಡಾದ ಕೈಗೆ ಹೊಲಿಯಬೇಕಾಗುತ್ತದೆ. ಕೈಯ ಸ್ಪರ್ಶ ಮರಳಲೆಂದು ಪಾದದಂಚಿನ ಸ್ಪರ್ಶವನ್ನು ಬಿಟ್ಟುಕೊಡಬೇಕು. ಒಂದೇ ದಿಕ್ಕಿಗೆ ಎಳೆದ ನಾರುಗಳ ಕೊಳವೆಯೊಂದು ಆ ಕೆಲಸ ಮಾಡಿಕೊಟ್ಟರೆ ಎಷ್ಟು ಜನರ ನೋವು ತಪ್ಪೀತು!

ಜರ್ಮನಿಯ ಹ್ಯಾನೋವರ್‌ನ ವೈದ್ಯರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಅಂಥದ್ದು. ಕುರಿಯ ಕಾಲಿನಲ್ಲಿ 6 ಸೆಂಟಿಮೀಟರ್ ನರ ತೆಗೆದು, ಆ ತೆರಪಿಗೆ ಎಳೆಗಳನ್ನು ತುಂಬಿದ ರಕ್ತನಾಳವೊಂದನ್ನು ಹೊಲಿದರು. ನರದ ಕುಡಿಗಳು ಎಳೆ ಹಿಡಿದು ಆಚೆ ತುದಿ ಮುಟ್ಟಿದವು. ಅವರು ತುಂಬಿದ್ದು ಜೇಡ ನೂತ ಪಾಲಿಮರನ್ನು, ಹ್ಯಾರಿಸನ್ ಬಳಸಿದ್ದಂಥದೇ ಜೇಡರ ಎಳೆಯನ್ನು.