ಸಮುದ್ರ ಸೇರಿದ ನೀರು ದಂಡವೇ?

ಮಳೆಗಾಲ ಹಿಡಿಯಿತೆಂದರೆ ಸಾಕು, ನಮ್ಮ ಪುಢಾರಿಗಳ ಬಾಯಲ್ಲಿ ಒಂದು ಮಾತು ಉಕ್ಕುತ್ತದೆ. ‘ಅಯ್ಯೋ, ಇಷ್ಟೊಂದು ನೀರು ದಂಡವಾಗಿ ಸಮುದ್ರ ಸೇರ್ತಾ ಇದೆಯಲ್ಲ!’ ಬೇಗಾರಿನ ಅಂಗಡಿ ಕಟ್ಟೆಯ ಮೇಲೂ, ಬಸ್ಸು ಕಾಯುವವರ ನಡುವೆಯೂ ಅದೇ ರಾಗ. ಎತ್ತಿನಹೊಳೆಯ 24 ಟಿಎಂಸಿ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಗೆ ಈ ಮಾತೇ ಬಂಡವಾಳ. 2024ರ ಸೆಪ್ಟೆಂಬರಿನಲ್ಲಿ ಅದರ ಮೊದಲ ಹಂತ ಉದ್ಘಾಟನೆಯೂ ಆಯಿತು. ಬೇಡ್ತಿ, ಅಘನಾಶಿನಿಗಳ ನೀರನ್ನೂ ತಿರುಗಿಸಬೇಕೆಂಬ ಪ್ರಸ್ತಾಪ ಬೇರೆ ಉಂಟು.

ಕೋಲಾರದವರ ಬಾಯಾರಿಕೆ ಸುಳ್ಳಲ್ಲ ಸ್ವಾಮೀ. ಆದರೆ ‘ದಂಡ’ ಎಂಬ ಮಾತು ಮಾತ್ರ ಸುಳ್ಳು.

ನಮ್ಮ ನರಸಿಂಹ ಪರ್ವತವನ್ನೇ ನೋಡಿ. ಅದರ ಈ ಮಗ್ಗುಲಿಗೆ ಬಿದ್ದ ಮಳೆ ತುಂಗೆಗೆ. ಆ ಮಗ್ಗುಲಿಗೆ ಬಿದ್ದದ್ದು ಸೀತಾನದಿಗೆ. ಸೀತೆ ಆಗುಂಬೆಯ ಕಾಡಿನಿಂದ ಘಟ್ಟ ಇಳಿದು, ಹೆಬ್ರಿ, ಬಾರಕೂರು ದಾಟಿ, ಕೋಡಿ ಬೆಂಗ್ರೆಯ ಹತ್ತಿರ ಸ್ವರ್ಣಾ ನದಿಯ ಜತೆಗೂಡಿ ಕಡಲು ಸೇರುತ್ತಾಳೆ. ಹೊಳೆಯ ಸಿಹಿನೀರೂ ಕಡಲಿನ ಉಪ್ಪುನೀರೂ ಕಲೆಯುವ ಆ ಜಾಗಕ್ಕೇ ಅಳಿವೆ ಎನ್ನುವುದು. ಸಿಗಡಿಯ ಮರಿ ಕಡಲಿನಿಂದ ಒಳಗೆ ಬಂದು ಬೆಳೆಯುವುದು ಅಲ್ಲಿ. ಮರುವಾಯಿ, ಏಡಿ, ಕಾಣೆ ಮೀನು ಸಿಗುವುದೂ ಅಲ್ಲೇ. ಕಾಂಡ್ಲ ಗಿಡದ ಬೇರುಗಳ ನಡುವೆ ಮೀನಿನ ಮರಿಗಳಿಗೆ ತೊಟ್ಟಿಲು. ಇಷ್ಟಕ್ಕೆಲ್ಲ ಬೇಕಾದ ಸಿಹಿನೀರು ಮತ್ತು ಗೋಡು ಮಣ್ಣು ಹೋಗುವುದು ಮೇಲಿನಿಂದ, ಅಂದರೆ ನಮ್ಮ ಗುಡ್ಡಗಳಿಂದ. ಹೊಳೆಯ ಒತ್ತಡ ತಗ್ಗಿದರೆ ಉಪ್ಪುನೀರು ಮೇಲಕ್ಕೆ ನುಗ್ಗುತ್ತದೆ. ಬಾವಿಯೂ ಉಪ್ಪು, ಗದ್ದೆಯೂ ಉಪ್ಪು. ಕರಾವಳಿಯ ಹೊಳೆಗಳಿಗೆ ಕಿಂಡಿ ಅಣೆಕಟ್ಟು ಕಟ್ಟಿಕೊಂಡಿರುವುದು ಸುಮ್ಮನೆ ಅಲ್ಲ.

ಹೊಳೆಯ ನೀರು ಕಡಲಿಗೆ ಹೋಗದಿದ್ದರೆ ಏನಾಗುತ್ತದೆಂದು ತಿಳಿಯಲು ನಮ್ಮ ತುಂಗೆಯ ಹಿಂದೆಯೇ ಹೋಗಬಹುದು. ಕೂಡಲಿಯಲ್ಲಿ ಭದ್ರೆ, ಮುಂದೆ ಹೊಸಪೇಟೆಯ ಅಣೆಕಟ್ಟು, ಆಮೇಲೆ ಕೃಷ್ಣೆ, ಶ್ರೀಶೈಲ, ನಾಗಾರ್ಜುನ ಸಾಗರ, ವಿಜಯವಾಡದ ಬ್ಯಾರೇಜು. ಒಬ್ಬೊಬ್ಬರೂ ತಮ್ಮ ಪಾಲು ಎತ್ತಿಕೊಂಡದ್ದರಿಂದ 2001ರಿಂದ 2004ರ ಬರಗಾಲದಲ್ಲಿ ಕೃಷ್ಣೆ ಬಂಗಾಳ ಕೊಲ್ಲಿಗೆ ಮುಟ್ಟಿಸಿದ ನೀರು ಇಲ್ಲವೆನ್ನುವಷ್ಟು ಕಡಿಮೆ. ಗೋಡು ಅಣೆಕಟ್ಟುಗಳ ಹಿಂದೆಯೇ ಉಳಿದು, ಅಲ್ಲಿನ ಮುಖಜ ಭೂಮಿಯನ್ನು ಕಡಲು ಕೊರೆಯುತ್ತಿದೆ. ಒಂದು ಹನಿಯೂ ದಂಡವಾಗಬಾರದು ಎಂಬ ಲೆಕ್ಕದ ಫಲ ಇದು.

ಇದಕ್ಕೆ ಎದುರಾಗಿ ಅಘನಾಶಿನಿ. ಶಿರಸಿಯಿಂದ ಕುಮಟೆಯ ಕಡಲವರೆಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯಲ್ಲಿ ಬಳಚು ಹೆಕ್ಕಿ ಹೊಟ್ಟೆ ಹೊರೆಯುವ ಸಂಸಾರಗಳು ಎಷ್ಟೋ. ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತದ ಗದ್ದೆ ಬೇರೆ. ತದಡಿಯಲ್ಲಿ 4000 ಮೆಗಾವಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ತರಲು ಹೊರಟಾಗ ಜನ ಎದ್ದು ನಿಂತರು, ಯೋಜನೆ ಬಿತ್ತು. 2024ರ ಜನವರಿಯಲ್ಲಿ ಆ ಅಳಿವೆಗೆ ರಾಮ್ಸಾರ್ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಒಂದು ಕೈಯಲ್ಲಿ ಈ ಬಿರುದು, ಇನ್ನೊಂದು ಕೈಯಲ್ಲಿ ನೀರು ತಿರುಗಿಸುವ ನಕ್ಷೆ! ಸರ್ಕಾರದ ಎಡಗೈಗೂ ಬಲಗೈಗೂ ಮಾತುಕತೆ ಇಲ್ಲವೆಂದು ಕಾಣುತ್ತದೆ.

ಸೀತೆಯ ಅಳಿವೆಗೆ ಅಂಥ ಬಿರುದಿಲ್ಲ. ಕರಾವಳಿ ನಿಯಂತ್ರಣ ವಲಯದ ಕಾನೂನು ಉಂಟು, ಆದರೆ ಅದರ ಕೈ ಭರತದ ನೀರು ಏರುವಷ್ಟು ದೂರಕ್ಕೆ ಮಾತ್ರ. ಅದಕ್ಕಿಂತ ಮೇಲೆ ಒಂದಷ್ಟು ಅರಣ್ಯ ಇಲಾಖೆ, ಒಂದಷ್ಟು ನೀರಾವರಿಯವರು, ಒಂದಷ್ಟು ಪಂಚಾಯತಿ. ಬೇಸಿಗೆಯಲ್ಲಿ ಅಳಿವೆಗೆ ಎಷ್ಟು ನೀರು ಮುಟ್ಟಬೇಕು ಎಂದು ಕೇಳಿದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಘಟ್ಟದ ಯಾವುದೇ ಹೊಳೆಗೆ ಯೋಜನೆ ತರುವವರು ಮೊದಲ ಪುಟದಲ್ಲೇ ಬರೆಯಲಿ: ಯಾವ ತಿಂಗಳು ಎಷ್ಟು ನೀರನ್ನು ಕಡಲಿಗೆ ಬಿಡುತ್ತೀರಿ? ಈ ಲೆಕ್ಕ ಕೇಳಬೇಕಾದವರು ಬೆಂಗ್ರೆಯ ಮೀನುಗಾರರೊಬ್ಬರೇ ಅಲ್ಲ, ನಾವೂ ಹೌದು. ಹಾಗೆ ಕೇಳುವ ಮುಂಚೆ ಅಂಗಡಿಯ ಹಿಂದಿನ ಹಳ್ಳಕ್ಕೆ ಪ್ಲಾಸ್ಟಿಕ್ ಕೊಟ್ಟೆ ಎಸೆಯುವುದನ್ನೂ ನಿಲ್ಲಿಸೋಣ. ಜೂನಿನ ಮೊದಲ ದೊಡ್ಡ ಮಳೆಗೆ ಅದೂ ಹೊಳೆಯ ದಾರಿಯನ್ನೇ ಹಿಡಿಯುತ್ತದೆ.